ಇರುವೆಯ ಪಾಲು

ಬೆಳಗ್ಗೆ ಎದ್ದು ಮುಖ ತೊಳೆದ ಮೇಲೆ ಮಾಯಮ್ಮ ಮೊದಲು ಹೋಗುತ್ತಿದ್ದುದು ಒಲೆಯ ಹತ್ತಿರಕ್ಕೂ ಅಲ್ಲ, ಕೊಟ್ಟಿಗೆಗೂ ಅಲ್ಲ. ಡಬ್ಬದಿಂದ ಒಂದು ಹಿಡಿ ರಾಗಿ ಹಿಟ್ಟು ತೆಗೆದು, ಚಿಟಿಕೆ ಬೆಲ್ಲದ ಪುಡಿ ಬೆರೆಸಿ, ಹಿತ್ತಲು ದಾಟಿ ಹಿಪ್ಪುನೇರಳೆ ತೋಟದ ಬದುವಿನ ಹೊಂಗೆ ಮರದ ಬುಡಕ್ಕೆ ಹೋಗುವಳು. ಅಲ್ಲಿ ಬೇರುಗಳ ಸಂದಿಯಲ್ಲಿ ಇರುವೆಗಳ ಗೂಡು. ಅದರ ಬಾಯಿಯ ಸುತ್ತ ಹಿಟ್ಟು ಉದುರಿಸಿ, ಕೈಮುಗಿದು, "ನಿಮ್ಮ ಪಾಲು ತಕ್ಕಳಿ, ನಮ್ಮ ಪಾಲು ಬುಡಿ" ಎಂದು ತುಟಿಯಲ್ಲೇ ಹೇಳಿ ಹಿಂದಿರುಗುವಳು. ಜ್ವರ ಬಂದಾಗಲೂ ಹೋಗಿದ್ದಳು. ಅತ್ತೆ ತೀರಿಕೊಂಡ ದಿನ, ಹೆಣ ಇನ್ನೂ ಜಗುಲಿಯ ಮೇಲಿರುವಾಗಲೇ, ಯಾರಿಗೂ ಕಾಣದ ಹಾಗೆ ಸೆರಗಿನಲ್ಲಿ ಹಿಟ್ಟು ಕಟ್ಟಿಕೊಂಡು ಹೋಗಿ ಬಂದಿದ್ದಳು.

ಕಲಿಸಿದವಳು ಆ ಅತ್ತೆಯೇ. ರಾಮನಗರದಿಂದ ಕನಕಪುರಕ್ಕೆ ಹೋಗುವ ರಸ್ತೆಯಿಂದ ಒಂದೂವರೆ ಮೈಲಿ ಒಳಗಿರುವ ಆ ಊರಿಗೆ ಮಾಯಮ್ಮ ಸಾತನೂರಿನ ಕಡೆಯಿಂದ ಸೊಸೆಯಾಗಿ ಬಂದ ವಾರದಲ್ಲೇ ಅತ್ತೆ ಮಾರಮ್ಮ ಹಿಟ್ಟಿನ ಬಟ್ಟಲನ್ನು ಅವಳ ಕೈಗೆ ದಾಟಿಸಿದ್ದಳು. "ದ್ಯಾವ್ರ ದೀಪ ಒಂದಿನ ತಡವಾದ್ರೆ ಅವ್ನು ತಡ್ಕತಾನೆ ಕಣಮ್ಮಿ. ಇವು ತಡ್ಕಣಾಕಿಲ್ಲ" ಎಂದಿದ್ದಳು.

ರೇಷ್ಮೆ ಹುಳು ಸಾಕುವವರ ಮನೆಯಲ್ಲಿ ಕಳ್ಳನ ಭಯಕ್ಕಿಂತ ಇರುವೆಯ ಭಯ ಹೆಚ್ಚು. ಕಳ್ಳ ಬಂದರೆ ಒಂದು ಕೊಡವನ್ನೋ ಕೋಳಿಯನ್ನೋ ಹೊತ್ತುಕೊಂಡು ಹೋದಾನು. ಒಂದು ಸಾಲು ಇರುವೆ ಹುಳದ ಮನೆಗೆ ದಾರಿ ಕಂಡುಕೊಂಡರೆ ಬೆಳಗಾಗುವುದರೊಳಗೆ ತಟ್ಟೆಗಟ್ಟಲೆ ಹುಳು ಸತ್ತಿರುತ್ತದೆ. ಅದಕ್ಕೇ ತಟ್ಟೆ ಜೋಡಿಸುವ ಸ್ಟ್ಯಾಂಡಿನ ನಾಲ್ಕೂ ಕಾಲಿಗೆ ನೀರು ತುಂಬಿದ ತಗಡಿನ ಬಟ್ಟಲು ಇಡುತ್ತಾರೆ. ಮಾಯಮ್ಮ ಹೊಂಗೆ ಮರದಿಂದ ಬಂದವಳೇ ಆ ಬಟ್ಟಲುಗಳಿಗೆ ನೀರು ಹಾಕುವಳು. ಹೊರಗೆ ಪಾಲು, ಒಳಗೆ ಕಾವಲು. ಈ ಎರಡರ ನಡುವೆ ಅವಳ ಸಂಸಾರ ಇಪ್ಪತ್ತು ವರ್ಷ ನಡೆದಿತ್ತು.

ಹುಳದ ವಿಷಯದಲ್ಲಿ ಅವಳ ಕಣ್ಣು ಊರಿಗೇ ಗೊತ್ತಿದ್ದ ಕಣ್ಣು. ಸಾವಿರ ಹುಳುಗಳ ನಡುವೆ ಒಂದು ಹುಳು ಸೊಪ್ಪಿನಿಂದ ಬಾಯಿ ತೆಗೆದರೆ ಅದು ಜ್ವರಕ್ಕೆ ಕೂರುತ್ತಿದೆಯೋ, ಅಂದರೆ ಪೊರೆ ಬಿಡಲು ಹೊರಟಿದೆಯೋ, ಇಲ್ಲ ಕಾಯಿಲೆ ಬಿದ್ದಿದೆಯೋ ಎಂದು ದೂರದಿಂದಲೇ ಹೇಳುತ್ತಿದ್ದಳು. ಮೈ ಒಂದಿಷ್ಟು ಹೊಳೆದರೆ, ನಡೆ ಒಂದಿಷ್ಟು ಸಡಿಲವಾದರೆ, ತಟ್ಟೆಯ ಅಂಚಿಗೆ ಬಂದು ಸುಮ್ಮನೆ ಅಲೆದರೆ, ಆ ಹುಳುವನ್ನು ಎತ್ತಿ ಸುಣ್ಣದ ನೀರಿಗೆ ಹಾಕಿಬಿಡುವಳು. ಪಕ್ಕದ ಮನೆಯವರು ತಟ್ಟೆ ಹಿಡಿದುಕೊಂಡು ಬಂದು ತೋರಿಸುತ್ತಿದ್ದರು. ಅಂಥ ಕಣ್ಣು ಮನೆಯ ಮನುಷ್ಯನನ್ನು ಒಂದು ವರ್ಷ ನೋಡಿಯೂ ನೋಡದೆ ಹೋಯಿತು.

ಗಂಡ ಸಿದ್ದರಾಮುವಿಗೆ ಆಗ ನಲವತ್ತೆರಡು. ಬಿಡದಿಯ ಕಡೆ ಫ್ಯಾಕ್ಟರಿಗಳು ಒಂದರ ಪಕ್ಕ ಒಂದು ಎದ್ದ ವರ್ಷಗಳಲ್ಲಿ ಊರಿನ ಹದಿನೈದು ಇಪ್ಪತ್ತು ಗಂಡಸರ ಜೊತೆ ಅವನೂ ಕಂಟ್ರಾಕ್ಟಿನ ಕೆಲಸಕ್ಕೆ ಸೇರಿದ್ದ. ಕಾರಿನ ಬಿಡಿಭಾಗ ಮಾಡುವ ಕಡೆ ಪೆಟ್ಟಿಗೆಗಳನ್ನು ಲಾರಿಗೆ ತುಂಬುವ ಕೆಲಸ. ಬೆಳಗಿನ ಮೊದಲ ಬಸ್ಸಿಗೆ ರಾಮನಗರ, ಅಲ್ಲಿಂದ ಕಂಪನಿಯ ಬಸ್ಸು. ಸಂಜೆ ನಾಲ್ಕೂವರೆಗೆ ಮನೆ. ನೀಲಿ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ, ಪಂಚೆ ಎತ್ತಿ ಕಟ್ಟಿ, ಕುಡುಗೋಲು ಹಿಡಿದು ಸೊಪ್ಪು ಕೊಯ್ಯಲು ತೋಟಕ್ಕೆ ಇಳಿಯುವನು. ಎರಡು ಕಡೆ ದುಡಿಯುವ ಮೈ. ದಣಿದರೆ ಯಾರು ಆಶ್ಚರ್ಯ ಪಟ್ಟಾರು?

ಎರಡು ಸಾವಿರದ ಏಳರ ಬೇಸಿಗೆಗೆ ಮುಂಚೆಯೇ ಅವನಿಗೆ ಬಾಯಾರಿಕೆ ಹಿಡಿಯಿತು. ತೋಟದಿಂದ ಬಂದವನು ಗುಡಾಣದ ಮುಂದೆ ನಿಂತು ಒಂದು ಚೆಂಬು, ಎರಡು ಚೆಂಬು, ಮೂರನೆಯದನ್ನು ಅರ್ಧ ಕುಡಿದು ಉಳಿದದ್ದನ್ನು ತಲೆಗೆ ಸುರಿದುಕೊಳ್ಳುವನು. ತಗಡಿನ ಮಾಡಿನ ಕೆಳಗೆ ಕೆಲಸ, ಝಳ ಹೊಡೆದಿದೆ ಎಂದುಕೊಂಡರು. ರಾಮನಗರದ ಬಸ್‌ಸ್ಟಾಂಡಿನಲ್ಲಿ ದಿನಕ್ಕೊಂದು ಬಣ್ಣದ ನೀರಿನ ಬಾಟಲಿ ಕುಡಿಯುವ ಅಭ್ಯಾಸವೂ ಆಯಿತು. ಕುಡಿದಷ್ಟೂ ಬಾಯಿ ಒಣಗುತ್ತದೆ ಎಂದು ಅವನೇ ಹೇಳಿ ನಗುತ್ತಿದ್ದ.

ಕುಡಿದ ನೀರು ನಿಲ್ಲುತ್ತಲೂ ಇರಲಿಲ್ಲ. ಗಳಿಗೆಗೊಮ್ಮೆ ಮೂತ್ರಕ್ಕೆ ಹೋಗಬೇಕು. ಜೊತೆಯವನು ಅನಂತರಾಜು ಎಲ್ಲರ ಮುಂದೆ ಹೇಳಿದ್ದನಂತೆ, "ಏನ್ಲಾ ಸಿದ್ದರಾಮು, ಕಂಪ್ನಿಯೋರು ನಿಂಗೆ ಸಂಬ್ಳ ಕೊಡೋದು ಲೋಡ್ ಎತ್ತಾಕೋ, ನಲ್ಲಿ ಬುಡಾಕೋ?" ಸಿದ್ದರಾಮು ಇದನ್ನು ಊಟಕ್ಕೆ ಕೂತಾಗ ಹೇಳಿದ. ಒಂಬತ್ತನೇ ಕ್ಲಾಸಿನ ಮಗಳು ಸಿಂಧು, ಐದನೇ ಕ್ಲಾಸಿನ ಮಗ ದೀಪು ಬಿದ್ದು ಬಿದ್ದು ನಕ್ಕರು. ಮಾಯಮ್ಮನೂ ನಕ್ಕಳು.

ಹಸಿವೂ ಹಾಗೆಯೇ. ಮೂರು ಮುದ್ದೆ ಉಂಡು ಕೈ ತೊಳೆದವನು ಅರ್ಧ ಗಂಟೆಗೆ ಮತ್ತೆ ಅಡುಗೆಮನೆಯ ಬಾಗಿಲಲ್ಲಿ. ಆದರೂ ಭುಜದ ಮೂಳೆ ಎದ್ದು ಕಾಣತೊಡಗಿತು. ಪ್ಯಾಂಟಿನ ಬೆಲ್ಟಿಗೆ ಮೊಳೆಯಿಂದ ಒಂದು ತೂತು ಹೊಡೆದುಕೊಂಡ, ಯುಗಾದಿಯ ಹೊತ್ತಿಗೆ ಎರಡನೆಯದು. ಫ್ಯಾಕ್ಟರಿಯ ಅನ್ನ ಮೈಗೆ ಹತ್ತುವುದಿಲ್ಲ ಎಂದು ಊರಿನ ಹೆಂಗಸರು ಮಾತಾಡಿಕೊಂಡರು. ಮಾಯಮ್ಮನಿಗೆ ಆ ಮಾತು ನಾಟಿತು. ಅಂದಿನಿಂದ ಮಲಗುವ ಮುಂಚೆ ಒಂದು ದೊಡ್ಡ ಲೋಟ ಹಾಲಿಗೆ ಕೈತುಂಬ ಬೆಲ್ಲ ಕದಡಿ, ಎರಡು ಬಾಳೆಹಣ್ಣಿನ ಜೊತೆ, ಎದುರಿಗೆ ನಿಂತು ಕುಡಿಸಿದಳು. ಮಕ್ಕಳಿಗಿಲ್ಲದ ಹಾಲು ಅದು. ನಿಜ ತಿಳಿದ ಮೇಲೆ ಎಷ್ಟೋ ದಿನ ಆ ಲೋಟವನ್ನು ಅವಳಿಂದ ಮುಟ್ಟಲಾಗಲಿಲ್ಲ.

ಒಂದು ಸಂಜೆ ಅವನು ಬರಲೇ ಇಲ್ಲ. ಕತ್ತಲಾದ ಮೇಲೆ ಬಂದು, ಕನಕಪುರದ ಬಸ್ಸು ಎಂದುಕೊಂಡು ಮಾಗಡಿ ಬಸ್ಸು ಹತ್ತಿದ್ದೆ, ಬೋರ್ಡು ಮಂಜುಮಂಜಾಗಿ ಕಂಡಿತು ಎಂದ. ಅದಕ್ಕೂ ಮನೆ ನಕ್ಕಿತು. ಮಾಗಡಿಯಲ್ಲಿ ಯಾರನ್ನು ಇಟ್ಟಿದ್ದೀರಿ ಎಂದು ಮಾಯಮ್ಮ ಕೆಣಕಿದಳು.

ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ಇರುವೆ ಬಂದವು.

ಹಿತ್ತಲ ಗೋಡೆಯ ಮೂಲೆಯಲ್ಲಿ, ಬಚ್ಚಲಿನಿಂದ ಆಚೆಗೆ, ಗಂಡಸರು ಮೂತ್ರಕ್ಕೆ ನಿಲ್ಲುವ ಜಾಗವಿತ್ತು. ಒಂದು ಬೆಳಗ್ಗೆ ಮಾಯಮ್ಮ ಹಿಟ್ಟಿನ ಬಟ್ಟಲು ಹಿಡಿದು ಹೋಗುವಾಗ ಆ ಮೂಲೆಯ ಮಣ್ಣು ಕಪ್ಪಗೆ ಮಿಸುಕಾಡುತ್ತಿತ್ತು. ಬಗ್ಗಿ ನೋಡಿದಳು. ಇರುವೆ. ಒಂದೆರಡು ಸಾಲಲ್ಲ, ಮುದ್ದೆಮುದ್ದೆಯಾಗಿ ಮುತ್ತಿಕೊಂಡಿದ್ದವು. ಅಲ್ಲಿಂದ ಹುಳದ ಮನೆಯ ಬಾಗಿಲಿಗೆ ಹನ್ನೆರಡು ಹೆಜ್ಜೆ. ಒಳಗೆ ಹುಳು ಮೂರನೇ ಜ್ವರಕ್ಕೆ ಕೂತಿದ್ದವು.

ಬೂದಿ ಹಾಕಿದಳು. ಅರಿಶಿನ ಹಾಕಿದಳು. ಸೀಮೆಎಣ್ಣೆ ಚಿಮುಕಿಸಿದಳು. ಮಾರನೆಯ ಬೆಳಗ್ಗೆ ಅದೇ ಜಾಗದಲ್ಲಿ, ಅಷ್ಟೇ ದಟ್ಟವಾಗಿ, ಮತ್ತೆ ಇದ್ದವು. ಪಕ್ಕದ ಬಚ್ಚಲಿನ ಮೋರಿಯಲ್ಲಿ ಒಂದೂ ಇಲ್ಲ, ಎಂಜಲು ಚೆಲ್ಲುವ ಕಡೆಯೂ ಇಲ್ಲ. ಅಲ್ಲಿ ಮಾತ್ರ. ಯಾಕೆ ಅಲ್ಲಿ ಮಾತ್ರ ಎಂದು ಅವಳು ಕೇಳಿಕೊಳ್ಳಲಿಲ್ಲ. ಅವಳು ಕೇಳಿಕೊಂಡದ್ದು ಬೇರೆ: ನನ್ನಿಂದ ಏನು ತಪ್ಪಿತು? ಯಾವ ದಿನದ ಪಾಲು ಕಡಿಮೆ ಬಿತ್ತು? ಹೊಂಗೆ ಮರದ ಬುಡಕ್ಕೆ ಎರಡು ಹಿಡಿ ಹಿಟ್ಟು, ಮುಷ್ಟಿ ಬೆಲ್ಲ ಹಾಕತೊಡಗಿದಳು. ಈ ಬೆಳೆ ದಾಟಿಸಿದರೆ ತೆಂಗಿನಕಾಯಿ, ಹೊಸ ಸೀರೆ ತರುತ್ತೇನೆ ಎಂದು ಕಬ್ಬಾಳಮ್ಮನಿಗೆ ಹರಕೆ ಕಟ್ಟಿ, ಹಳದಿ ಬಟ್ಟೆಯ ಗಂಟನ್ನು ಹುಳದ ಮನೆಯ ಬಾಗಿಲಿಗೆ ನೇತುಹಾಕಿದಳು.

ಐದನೇ ದಿನ ಅವಳಿಗೆ ಒಂದು ಉಪಾಯ ಹೊಳೆಯಿತು. ಗೋಡೆಯ ಮೂಲೆ ಸದಾ ಒದ್ದೆಯಾಗಿರುವುದರಿಂದ ಇರುವೆಗೆ ತಂಪು ಹಿಡಿಸಿರಬೇಕು ಎಂದುಕೊಂಡು, ಒಂದಕ್ಕೆ ಇಲ್ಲಿ ನಿಲ್ಲಬೇಡಿ, ಹುಲ್ಲಿನ ಮೆದೆಯ ಹಿಂದಕ್ಕೆ ಹೋಗಿ ಎಂದು ಗಂಡನಿಗೆ ಹೇಳಿದಳು. ಅವನು ಹಾಗೆಯೇ ಮಾಡಿದ. ಮೂರು ದಿನದಲ್ಲಿ ಗೋಡೆಯ ಮೂಲೆ ಬರಿದಾಯಿತು. ಇರುವೆ ಅವನ ಹಿಂದೆಯೇ ಮೆದೆಯ ಕಡೆಗೆ ಹೋಗಿದ್ದವು. ಮಾಯಮ್ಮ ಅದನ್ನು ಕಂಡಳು ಕೂಡ. ಮೆದೆ ಹುಳದ ಮನೆಯಿಂದ ಬಹಳ ದೂರ. ಅಲ್ಲಿ ಇದ್ದರೆ ಇರಲಿ. ಅವಳು ನಿಟ್ಟುಸಿರು ಬಿಟ್ಟು, ದೇವರ ಗೂಡಿನ ಮುಂದೆ ಎರಡು ಬತ್ತಿಯ ದೀಪ ಹಚ್ಚಿ, ಅಮ್ಮ ಕಾಪಾಡಿದಳು ಎಂದು ನೆಲಕ್ಕೆ ಹಣೆ ಮುಟ್ಟಿಸಿದಳು.

ಆ ಬೆಳೆ ಎಂದೂ ಬಾರದಷ್ಟು ಚೆನ್ನಾಗಿ ಬಂತು. ರೇಷ್ಮೆಗೂಡು ಗಟ್ಟಿ, ಬಣ್ಣ ಚಿನ್ನದಂತೆ. ಗಂಡ ಹೆಂಡತಿ ಇಬ್ಬರೂ ರಾಮನಗರದ ಗೂಡಿನ ಮಾರುಕಟ್ಟೆಗೆ ಹೋದರು. ಅಂದು ಸಿದ್ದರಾಮುವಿಗೆ ವಾರದ ರಜ. ಹರಾಜು ಮುಗಿದ ಮೇಲೆ, ಹರಾಜಿಗೆ ನಿಲ್ಲದ ಕಲೆಗೂಡು, ಜೋಡಿಗೂಡುಗಳ ಚಿಕ್ಕ ಗಂಟನ್ನು ಮಾಯಮ್ಮ ಗೇಟಿನ ಹೊರಗೆ ಕೂರುವ ಶರ್ಫುನ್ನೀಸಾಳ ಹತ್ತಿರ ತಂದಳು. ಇಬ್ಬರದೂ ಹತ್ತು ವರ್ಷದ ಪರಿಚಯ. ಶರ್ಫುನ್ನೀಸಾ ಇಂಥ ಗೂಡನ್ನೇ ಕೊಂಡು ಮನೆಯಲ್ಲಿ ದಪ್ಪ ನೂಲು ತೆಗೆಸಿ ಬದುಕುತ್ತಿದ್ದ ವಿಧವೆ.

ಸಿದ್ದರಾಮು ಅವಳ ಪಕ್ಕದಲ್ಲಿದ್ದ ನೀರಿನ ಕೂಜೆ ಎತ್ತಿ, ಕೇಳಿ, ನಿಂತಲ್ಲೇ ಪೂರ್ತಿ ಕುಡಿದು ಬರಿದು ಮಾಡಿದ. ಆಮೇಲೆ ಮೂತ್ರಕ್ಕೆ ಹೋದ. ಶರ್ಫುನ್ನೀಸಾ ಗೂಡು ಆರಿಸುತ್ತಿದ್ದ ಕೈ ನಿಲ್ಲಿಸಿ ಅವನು ಹೋದ ಕಡೆಗೇ ನೋಡುತ್ತಿದ್ದಳು.

"ಮಾಯಮ್ಮಾ, ನಿಮ್ ಯಜಮಾನ್ರು ಯಾವಾಗ್ಲೂ ಹಿಂಗೇ ಕುಡೀತಾರಾ?"

ಬಿಸಿಲಲ್ಲವಾ ಎಂದಳು ಮಾಯಮ್ಮ. ಇಷ್ಟು ಇಳಿದುಹೋಗಿದ್ದಾರಲ್ಲ ಎಂದಳು ಅವಳು. ದುಡಿತ ಎಂದಳು ಇವಳು. ಶರ್ಫುನ್ನೀಸಾ ಸ್ವಲ್ಪ ಮುಂದಕ್ಕೆ ಬಾಗಿದಳು.

"ಬೇಜಾರ್ ಮಾಡ್ಕೋಬೇಡಿ. ಅವ್ರು ಒಂದಕ್ಕೆ ಹೋದ ಜಾಗಕ್ಕೆ ಇರುವೆ ಮುತ್ತತಾವಾ?"

ಆ ಗಳಿಗೆಯಲ್ಲಿ ಅಕ್ಕಪಕ್ಕ ಮೂರು ನಾಲ್ಕು ಜನ ಹುಳು ಸಾಕುವವರು ತಮ್ಮ ತಮ್ಮ ಗಂಟು ಹಿಡಿದು ನಿಂತಿದ್ದರು. ಒಬ್ಬ ಅವಳ ಊರಿನವನೇ. ಹುಳು ಸಾಕುವ ಮನೆಯ ಹೆಂಗಸು ಬೇರೆ ಏನನ್ನು ಬೇಕಾದರೂ ನಾಲ್ಕು ಜನರ ಮುಂದೆ ಒಪ್ಪಿಕೊಂಡಾಳು, ತನ್ನ ಹಿತ್ತಲಲ್ಲಿ ಇರುವೆ ಇದೆ ಎಂದು ಒಪ್ಪಿಕೊಳ್ಳುವುದಿಲ್ಲ. ಒಪ್ಪಿಕೊಂಡರೆ ಅವಳ ಗೂಡಿನ ಮೇಲೆ ಮಾತು ಬರುತ್ತದೆ, ಕೈಗುಣದ ಮೇಲೆ ಮಾತು ಬರುತ್ತದೆ. ಕಲೆಗೂಡು ಕೊಳ್ಳುವವಳ ಮುಂದೆಯಂತೂ ಹೇಳುವ ಮಾತೇ ಅಲ್ಲ. ಮಾಯಮ್ಮನ ಬೆನ್ನು ತಾನಾಗಿಯೇ ನೆಟ್ಟಗಾಯಿತು.

"ನಮ್ಮನೇಲಿ ಇರುವೆ ಇಲ್ಲ ಕಣಮ್ಮ. ನಾನು ಬಂದಾಗಿಂದ ಒಂದಿರುವೆ ಹೊಸಲು ದಾಟಿಲ್ಲ."

"ಇಲ್ದಿದ್ರೆ ಒಳ್ಳೇದಾಯ್ತು" ಎಂದು ಶರ್ಫುನ್ನೀಸಾ ಮತ್ತೆ ಗೂಡಿಗೆ ಕೈ ಹಾಕಿದಳು. ಸ್ವಲ್ಪ ಹೊತ್ತಿನ ಮೇಲೆ ತಲೆ ಎತ್ತದೆ, "ಆದ್ರೂ ಒಂದ್ಸಲ ರಕ್ತ ತೋರ್ಸಿ" ಎಂದಳು.

ಬಸ್ಸಿನಲ್ಲಿ ಮಾಯಮ್ಮ ಗಂಡನಿಗೆ ರಕ್ತದ ಮಾತನ್ನು ಮಾತ್ರ ಹೇಳಿದಳು. ಹುಷಾರಿಲ್ಲದವರು ತೋರಿಸಿಕೊಳ್ಳುತ್ತಾರೆ, ನನಗೇನಾಗಿದೆ ಎಂದ ಅವನು. ಒಂದು ದಿನ ರಜ ಹಾಕಿದರೆ ಕಂಟ್ರಾಕ್ಟರು ಇನ್ನೊಬ್ಬನನ್ನು ತುಂಬಿಕೊಳ್ಳುತ್ತಾನೆ ಎಂದ. ಇರುವೆಯ ಮಾತನ್ನು ಅವಳು ಹೇಳಲಿಲ್ಲ. ಅದು ಗಂಡನ ಮೈಗೆ ಸಂಬಂಧಪಟ್ಟ ಮಾತು ಎಂದು ಅವಳಿಗೆ ಅನಿಸಿಯೇ ಇರಲಿಲ್ಲ. ಹುಳದ ಮನೆಯನ್ನು ಇಣುಕಿ ನೋಡುವ ಮಾತು ಎಂದುಕೊಂಡಿದ್ದಳು.

ಮಳೆಗಾಲ ಹಾಗೆಯೇ ಕಳೆಯಿತು. ಅವನು ಬಂದ ಕೂಡಲೇ ಮಲಗುವುದನ್ನು ಕಲಿತ. ಸೊಪ್ಪು ಕೊಯ್ಯುವುದು ಅರ್ಧಕ್ಕೆ ನಿಂತು, ಉಳಿದರ್ಧ ಮಾಯಮ್ಮನ ಪಾಲಿಗೆ ಬಂತು. ಕಾಲಿನಲ್ಲಿ ಜೋಮು ಹಿಡಿದಂತಿದೆ, ಹತ್ತಿಯ ಮೇಲೆ ನಡೆದಂತಿದೆ ಎನ್ನುತ್ತಿದ್ದ. ಅವಳು ಹರಳೆಣ್ಣೆ ಬಿಸಿ ಮಾಡಿ ತಿಕ್ಕುತ್ತಿದ್ದಳು. ತಿಕ್ಕುವಾಗ ಅವಳ ಬಳೆಯ ಚೂರೊಂದು ಪಾದಕ್ಕೆ ಗೀರಿದ್ದೂ ಅವನಿಗೆ ಗೊತ್ತಾಗಲಿಲ್ಲ.

ದೀಪಾವಳಿಗೆ ಎರಡು ವಾರ ಇರುವಾಗ ತೋಟದಲ್ಲಿ ಗಿಡ ಬೋಳಿಸಿದರು. ಬೋಳಿಸಿದ ಹಿಪ್ಪುನೇರಳೆಯ ಕೂಳೆ ಈಟಿಯ ಹಾಗೆ ಚೂಪು. ಹುಳು ಸಾಕುವ ಊರಿನಲ್ಲಿ ಅದು ಚುಚ್ಚದ ಕಾಲೇ ಇಲ್ಲ. ಚುಚ್ಚಿದರೆ ಅಯ್ಯೋ ಎಂದು ಕೂತು, ಕಿತ್ತು, ಸುಣ್ಣ ಬೆಲ್ಲ ಮೆತ್ತುವುದು ವಾಡಿಕೆ. ಸಿದ್ದರಾಮು ಅಯ್ಯೋ ಎನ್ನಲಿಲ್ಲ. ತೋಟದಿಂದ ಬಂದು ಜಗುಲಿಯ ಮೇಲೆ ಕೂತಿದ್ದ. ಸಿಂಧು ಬಂದು, ಅಪ್ಪನ ಹೆಜ್ಜೆಯೆಲ್ಲ ಕೆಂಪಾಗಿದೆ ಎಂದು ತಾಯಿಯನ್ನು ಕರೆದಳು. ಎಡಗಾಲಿನ ಹೆಬ್ಬೆರಳ ಬುಡಕ್ಕೆ ಕಡ್ಡಿ ಮುರಿದುಕೊಂಡು ಒಳಗೇ ನಿಂತಿತ್ತು. "ನಂಗೆ ತಿಳೀನೇ ಇಲ್ಲ ಕಣೆ" ಎಂದ. ಧೈರ್ಯ ಎಂದುಕೊಂಡಳು ಅವಳು.

ಗಾಯ ಒಣಗಲಿಲ್ಲ. ಅರಿಶಿನ ಕಟ್ಟಿದರು. ಅಂಗಡಿಯಿಂದ ಮುಲಾಮು ತಂದರು. ರಸ್ತೆಯ ಕಡೆಗಿದ್ದ ಒಬ್ಬ ಇಂಜೆಕ್ಷನ್ ಕೊಡುವವನಲ್ಲಿ ಎರಡು ಸಲ ಚುಚ್ಚಿಸಿದರು. ಫ್ಯಾಕ್ಟರಿಯ ಬೂಟಿನೊಳಗೆ ಅದೇ ಕಾಲು ಇಟ್ಟು ದಿನಾ ಹೋಗಿ ಬಂದ. ದೀಪಾವಳಿಯ ಎಣ್ಣೆ ನೀರಿನ ದಿನ ಮಾಯಮ್ಮ ಪಟ್ಟಿ ಬಿಚ್ಚಿದಾಗ ಬೆರಳು ನೀಲಿ ತಿರುಗಿತ್ತು, ಒಂದು ವಾಸನೆ ಬಂತು. ಕೊಳೆಯುವ ಹುಳದ ವಾಸನೆ ಅವಳಿಗೆ ಗೊತ್ತು. ಒಂದು ತಟ್ಟೆಯಲ್ಲಿ ಅದು ಬಂದರೆ ಆ ತಟ್ಟೆಯನ್ನು ಪೂರ್ತಿ ಹೂಳಬೇಕು. ಅವಳು ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಗೋಡೆಗೆ ಒರಗಿ ಕೂತುಬಿಟ್ಟಳು.

ರಾಮನಗರದ ಆಸ್ಪತ್ರೆಯಲ್ಲಿ ಬೆರಳಿನ ತುದಿ ಚುಚ್ಚಿ ನೋಡಿದರು. ನಾನೂರರ ಮೇಲೆ ಎಂದರು. ಆ ಲೆಕ್ಕ ಅವರಿಬ್ಬರಿಗೂ ಅರ್ಥವಾಗಲಿಲ್ಲ, ನರ್ಸಿನ ಮುಖ ಅರ್ಥವಾಯಿತು. ಡಾಕ್ಟರಮ್ಮ ಕಾಲನ್ನು ಬಹಳ ಹೊತ್ತು ನೋಡಿ, ಕೈ ತೊಳೆದು ಬಂದು, ಒಂದೊಂದೇ ಕೇಳಿದರು. ಬಾಯಾರಿಕೆ ಇತ್ತಾ? ಇತ್ತು. ಪದೇ ಪದೇ ಮೂತ್ರ? ಹೌದು. ಚೆನ್ನಾಗಿ ಉಂಡರೂ ಇಳಿದುಹೋದರಾ? ಹೌದು. ಕಣ್ಣು ಮಂಜಾಯಿತಾ? ಮಾಯಮ್ಮನಿಗೆ ಮಾಗಡಿ ಬಸ್ಸು ನೆನಪಾಯಿತು. ಕಾಲು ಜೋಮು? ಸುಸ್ತು? ಅವರು ತನ್ನ ಮನೆಯ ಜಗುಲಿಯ ಮೇಲೆ ಒಂದು ವರ್ಷ ಕೂತು ನೋಡಿದವರ ಹಾಗೆ ಕೇಳುತ್ತಿದ್ದರು. ಪ್ರತಿಯೊಂದಕ್ಕೂ ಹೂಂ ಎಂದಳು. ಕೊನೆಗೆ ಅವರು ಕೇಳದಿದ್ದುದನ್ನು ಅವಳೇ ಕೇಳಿದಳು.

"ಇರುವೆ ಮುತ್ತುದ್ರೆ, ಡಾಕ್ಟ್ರಮ್ಮ?"

ಬರೆಯುತ್ತಿದ್ದ ಪೆನ್ನು ನಿಂತಿತು. ಎಂದಿನಿಂದ ಎಂದು ಕೇಳಿದರು. ಯುಗಾದಿಯಿಂದ ಎಂದಳು.

ಅವರು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ನಿಧಾನವಾಗಿ ಬಿಡಿಸಿ ಹೇಳಿದರು. ಉಂಡ ಅನ್ನ ಸಕ್ಕರೆಯಾಗಿ ಮೈಗೆ ಸೇರಬೇಕು. ಈ ಕಾಯಿಲೆಯಲ್ಲಿ ಅದು ಸೇರದೆ ರಕ್ತದಲ್ಲೇ ನಿಲ್ಲುತ್ತದೆ. ಅದಕ್ಕೇ ಎಷ್ಟು ಉಂಡರೂ ಮೈ ಹಸಿದಿರುತ್ತದೆ, ಕರಗುತ್ತದೆ. ತುಂಬಿ ಮಿಕ್ಕ ಸಕ್ಕರೆ ಮೂತ್ರದಲ್ಲಿ ಹೋಗುವಾಗ ಮೈಯ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಕಾಲಿನ ನರ ಸತ್ತರೆ ಮುಳ್ಳು ಚುಚ್ಚಿದ್ದೂ ತಿಳಿಯುವುದಿಲ್ಲ. ಆಗಲೇ ಬಂದಿದ್ದರೆ ಮಾತ್ರೆಯಲ್ಲಿ, ಊಟದ ಕಟ್ಟಿನಲ್ಲಿ ಹಿಡಿತಕ್ಕೆ ತರಬಹುದಿತ್ತು ಎಂದು ಹೇಳಹೊರಟವರು, ಮಾಯಮ್ಮನ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದರು. ಬೆಂಗಳೂರಿಗೆ ಚೀಟಿ ಬರೆದುಕೊಟ್ಟರು.

ಬೆಂಗಳೂರಿನಲ್ಲಿ ಮೊದಲು ಬೆರಳು ತೆಗೆದರು. ಹತ್ತು ದಿನಕ್ಕೆ ಮೊಣಕಾಲಿನ ಕೆಳಗಿನ ಕಾಲು ತೆಗೆದರು. ಎರಡು ಸಲವೂ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದವಳು ಮಾಯಮ್ಮ. ಬೇರೆ ದಾರಿ ಇದೆಯೇ ಎಂದು ಎರಡನೇ ಸಲ ಕೇಳಿದಳು. ಇಲ್ಲ ಎಂದರು. ಆ ಒಂದು ತಿಂಗಳು ಊರಿನಲ್ಲಿ ಹೊಂಗೆ ಮರದ ಬುಡಕ್ಕೆ ಸಿಂಧು ಹಿಟ್ಟು ಹಾಕಿದಳು.

ಮನೆಗೆ ಬಂದ ಮೇಲೆ ಸಿದ್ದರಾಮು ಜಗುಲಿಯ ಮೇಲೆ ಕೂತು ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಅಂಟಿದ ಹಳೆಯ ಎಳೆ ಬಿಡಿಸುವುದು, ತಟ್ಟೆಗೆ ಹಾಸುವ ಪೇಪರು ಕತ್ತರಿಸುವುದು ಮಾಡುತ್ತಿದ್ದ. ಕಂಪನಿಯ ಕಡೆಯಿಂದ ಅನಂತರಾಜು ಒಬ್ಬನೇ ನೋಡಲು ಬಂದ. ನಲ್ಲಿಯ ಮಾತನ್ನು ನೆನೆದು ಅತ್ತುಬಿಟ್ಟ. ಅವನನ್ನು ಸಿದ್ದರಾಮುವೇ ಸಮಾಧಾನ ಮಾಡಿ ಕಳುಹಿಸಬೇಕಾಯಿತು.

ಎದೆಯಲ್ಲಿ ಕೂತಿದ್ದುದನ್ನು ಮಾಯಮ್ಮ ಒಂದು ಮಧ್ಯಾಹ್ನ, ಕಾಲಿನ ಕಟ್ಟು ಬದಲಿಸುವಾಗ ಗಂಡನಿಗೆ ಹೇಳಿದಳು. ಶರ್ಫುನ್ನೀಸಾ ಕೇಳಿದ್ದು, ತಾನು ಇಲ್ಲ ಎಂದದ್ದು, ಮೆದೆಯ ಹಿಂದಕ್ಕೆ ಇರುವೆ ಹೋದದ್ದನ್ನು ಕಂಡೂ ದೀಪ ಹಚ್ಚಿದ್ದು.

"ಆ ಬೆಳೆ ಚೆಂದಾಗಿ ಆಯ್ತಲ್ವಾ?" ಎಂದ.

"ಆಯ್ತು."

"ನೀನು ಹುಳ ಉಳುಸ್ದೆ, ಬುಡು" ಎಂದ. ಆ ಮಾತಿನಲ್ಲಿ ಚುಚ್ಚು ಇರಲಿಲ್ಲ. ಅವನ ಮಟ್ಟಿಗೆ ಅದು ನಿಜವಾದ ಲೆಕ್ಕ. ಅದನ್ನು ಕೇಳಿ ಅವಳು ಕಟ್ಟು ಅರ್ಧಕ್ಕೆ ಬಿಟ್ಟು ಹಿತ್ತಲಿಗೆ ಎದ್ದುಹೋದಳು.

ಮುಂದಿನ ಸಲ ರಾಮನಗರಕ್ಕೆ ಹೋದಾಗ ಶರ್ಫುನ್ನೀಸಾಳ ಮುಂದೆ ಕೂತು, ಅಂದು ಸುಳ್ಳು ಹೇಳಿದೆ ಎಂದಳು. ಶರ್ಫುನ್ನೀಸಾಗೆ ಆಶ್ಚರ್ಯವಾಗಲಿಲ್ಲ. ತನ್ನ ಗಂಡನ ಕಥೆಯನ್ನು ಅಂದು ಮೊದಲ ಸಲ ಹೇಳಿದಳು. ಅವಳ ಮನೆಯಲ್ಲೂ ಇರುವೆ ಬಂದಿದ್ದವು. ಅವಳಿಗೆ ಅದು ಏನೆಂದು ಗೊತ್ತಿತ್ತು. ಅವಳ ತಾಯಿಗೂ ಇದೇ ಕಾಯಿಲೆ. ಕೈಹಿಡಿದು ಬೇಡಿಕೊಂಡಿದ್ದಳು, ಗಂಡ ಆಸ್ಪತ್ರೆಯ ಮೆಟ್ಟಿಲು ಹತ್ತಲಿಲ್ಲ. "ನಿಮ್ಗೆ ಗೊತ್ತಿರ್ಲಿಲ್ಲ ಮಾಯಮ್ಮ. ನಂಗೆ ಗೊತ್ತಿತ್ತು. ಗೊತ್ತಿದ್ದು ಏನ್ ಮಾಡ್ದೆ?" ಎಂದಳು. ಮಾಯಮ್ಮನೂ ಗಂಟಿಗೆ ಕೈ ಹಾಕಿ ಅವಳ ಜೊತೆ ಕಲೆಗೂಡು ಆರಿಸತೊಡಗಿದಳು.

ಊರಿನ ಆರೋಗ್ಯದ ನರ್ಸು ಗಂಗಲಕ್ಷ್ಮಮ್ಮ ಮನೆಗೆ ಬಂದು, ತಂದೆಗೆ ಇದ್ದರೆ ಮಕ್ಕಳಿಗೂ ಮುಂದೆ ಬರುವ ಸಂಭವ ಹೆಚ್ಚು, ತೋರಿಸಿಬಿಡು ಎಂದಳು. ಮಾಯಮ್ಮ ಇಬ್ಬರನ್ನೂ ಕರೆದುಕೊಂಡು ಹೋಗಿ ಬೆರಳು ಚುಚ್ಚಿಸಿದಳು, ತಾನೂ ಚುಚ್ಚಿಸಿಕೊಂಡಳು. ಈಗ ಯಾರಿಗೂ ಏನೂ ಇಲ್ಲ ಎಂದರು. ಮಕ್ಕಳು ಕುಣಿಯುತ್ತ ಬಸ್ಸು ಹತ್ತಿದರು. ಅವಳ ಕಿವಿಯಲ್ಲಿ ಉಳಿದದ್ದು 'ಈಗ' ಎಂಬ ಒಂದೇ ಮಾತು. ಅಂದಿನಿಂದ ದೀಪು ಎರಡನೇ ಲೋಟ ನೀರು ಕೇಳಿದರೆ ಅವಳ ಕೈ ಗುಡಾಣದ ಮೇಲೆಯೇ ನಿಲ್ಲುತ್ತಿತ್ತು. ಸಿಂಧುವಿನ ಲಂಗದ ಲಾಡಿ ಸಡಿಲವಾದರೆ ಕರೆದು ಭುಜದ ಮೂಳೆ ತಡವಿ ನೋಡುವಳು.

ಬೆಳಗಿನ ಪಾಲು ನಿಲ್ಲಲಿಲ್ಲ. ಆದರೆ ಹಿಟ್ಟಿಗೆ ಬೆಲ್ಲ ಬೆರೆಸುವುದನ್ನು ಬಿಟ್ಟಳು. ಸಿಹಿಯಿಂದ ಹೊಟ್ಟೆ ತುಂಬಿದ ಇರುವೆ ಹಿತ್ತಲಿಗೆ ಬಾರದೆ ಇದ್ದುಬಿಟ್ಟರೆ? ಹೊಂಗೆ ಮರದಿಂದ ಬರುವಾಗ ಬಚ್ಚಲಿನ ಮೋರಿಯ ಬಳಿ, ಗೋಡೆಯ ಮೂಲೆಯ ಬಳಿ ಕುಕ್ಕರಗಾಲಿನಲ್ಲಿ ಕೂತು, ಮಕ್ಕಳು ಎದ್ದು ಹೋಗಿಬಂದ ಮಣ್ಣನ್ನು ನೋಡುವಳು. ಇದನ್ನು ಗಂಗಲಕ್ಷ್ಮಮ್ಮ ಒಂದು ದಿನ ಕಂಡು, ಇರುವೆಯನ್ನು ನಂಬಿ ಕೂರಬೇಡ, ಅವು ಬರುವ ಹೊತ್ತಿಗೆ ಸಕ್ಕರೆ ಬಹಳ ಏರಿರುತ್ತದೆ, ವರ್ಷಕ್ಕೊಮ್ಮೆ ರಕ್ತ ತೋರಿಸುವುದೇ ಸರಿ ಎಂದು ತಿಳಿಹೇಳಿದಳು. ಮಾಯಮ್ಮ ಒಪ್ಪಿದಳು. ವರ್ಷಕ್ಕೊಮ್ಮೆ ತೋರಿಸಿದಳು ಕೂಡ. ಉಳಿದ ಮುನ್ನೂರ ಅರವತ್ತನಾಲ್ಕು ದಿನ ಏನು ಮಾಡಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಎರಡನೇ ವರ್ಷದ ಬೇಸಿಗೆಯಲ್ಲಿ, ಗಾರೆ ಕೆಲಸದ ಕೃಷ್ಣಪ್ಪ ಸೈಕಲ್ಲಿನ ಹಿಂದೆ ಎರಡು ಮೂಟೆ ಸಿಮೆಂಟು ಹೇರಿಕೊಂಡು ಬಂದ. ಸಿದ್ದರಾಮುವಿನ ಚಿಕ್ಕಪ್ಪನ ಮಗ ಅವನು, ಮಾಯಮ್ಮನನ್ನು ಅತ್ತಿಗೆ ಎಂದು ಕರೆಯುವವನು. ಯಾರದೋ ಮನೆ ಕಟ್ಟಿ ಮಿಕ್ಕ ಸಿಮೆಂಟು, ಯಜಮಾನರೇ ತೆಗೆದುಕೊಂಡು ಹೋಗು ಎಂದಿದ್ದರು. ಅವನು ಹಿತ್ತಲೆಲ್ಲ ಅಡ್ಡಾಡಿ, ಹೆಜ್ಜೆಯಲ್ಲಿ ಅಳೆದು, ಆಗಲೇ ಮನಸ್ಸಿನಲ್ಲಿ ಕೆಲಸ ಮುಗಿಸಿದ್ದ. ಬಚ್ಚಲಿನ ಮೋರಿಗೆ ಪೈಪು ಹಾಕಿ ಮುಚ್ಚುವುದು. ಮೂಲೆಯಿಂದ ಮೂಲೆಗೆ ಗಾರೆ ಎಳೆಯುವುದು. ಊರುಗೋಲು ಜಾರುವುದಿಲ್ಲ, ಕೆಸರಿಲ್ಲ, ಹುಳದ ಮನೆಯ ಹತ್ತಿರಕ್ಕೆ ಒಂದು ಇರುವೆ ಸುಳಿಯುವುದಿಲ್ಲ. ಕೂಲಿಯ ಮಾತೇ ಬೇಡ, ಅಣ್ಣನಿಗೆ ನಾನು ಬೇರೆ ಏನು ಮಾಡಿದ್ದೇನೆ ಎಂದ.

ಜಗುಲಿಯಿಂದ ಸಿದ್ದರಾಮು, ಮಾಡಲಿ ಬಿಡು ಎಂದು ಕೂಗಿದ. ಮಾಯಮ್ಮ ಮೋರಿಯ ಅಂಚಿನಲ್ಲಿ ನಿಂತು ಕಾಲ ಕೆಳಗಿನ ಮಣ್ಣನ್ನು ನೋಡಿದಳು. ಒದ್ದೆ ಮಣ್ಣು, ಬರಿಯ ಮಣ್ಣು. ಅಂದಿನ ಬೆಳಗಿನವರೆಗೆ ಏನೂ ಇಲ್ಲದ ಮಣ್ಣು.

"ಜಗುಲಿಯಿಂದ ಬಾಗ್ಲ ತಂಕ ಹಾಕ್ಕೊಡು, ನಿಮ್ಮಣ್ಣ ಓಡಾಡೋ ಅಷ್ಟು" ಎಂದಳು. "ಹಿತ್ತಲು ಬ್ಯಾಡ ಕಣಪ್ಪ."

ಪುಕ್ಕಟೆ ಬರುವುದನ್ನು ಯಾಕೆ ಬೇಡ ಎನ್ನುತ್ತಾಳೆ ಎಂದು ಕೃಷ್ಣಪ್ಪನಿಗೆ ಅರ್ಥವಾಗಲಿಲ್ಲ. ಇನ್ನೊಂದು ಮೂಟೆ ಬೇಕಾದರೂ ತರುತ್ತೇನೆ ಎಂದ. ನಾಳೆ ಮಳೆ ಬಂದರೆ ಮತ್ತೆ ಇರುವೆ ಏಳುತ್ತವೆ, ಆಮೇಲೆ ನನ್ನನ್ನು ಕರೆಯಬೇಡ ಎಂದು ನಗುತ್ತ ಹೆದರಿಸಿದ.

"ಏಳೋದಾದ್ರೆ ಏಳ್ಲಿ" ಎಂದಳು ಮಾಯಮ್ಮ. "ನಂಗೆ ಕಾಣಂಗೆ ಏಳ್ಲಿ. ನೀನು ಮುಚ್ಚಬ್ಯಾಡ."